ಗಿರಣಿಯ ಮೇಲೆ ಹೊರಿಸಿದ ತಪ್ಪು

ನಾನು ರಾಯಬಾಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಲವತ್ತು ದಾಟಿದ ಮೇಲೆ ನನಗೆ ಕಂಪ್ಯೂಟರ್ ಆಟದ ಹುಚ್ಚು ಹಿಡಿಯಿತು. ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ಹದಿನೆಂಟು ಗಾಲಿಯ ಲಾರಿ ಓಡಿಸುವ ಆಟ. ಶಾಲೆಯಿಂದ ಬಂದು, ಚಹಾ ಕುಡಿದು, ಒಂದೂವರೆ ತಾಸು ಅದರ ಮುಂದೆ ಕುಳಿತರೆ ದಿನದ ಗದ್ದಲವೆಲ್ಲ ಇಳಿದುಹೋಗುತ್ತಿತ್ತು. ಕಂಪ್ಯೂಟರನ್ನು ಬಿಡಿಭಾಗ ತರಿಸಿ ನಾನೇ ಜೋಡಿಸಿದ್ದೆ. ಒಳಗಿನದೆಲ್ಲ ಕಾಣುವಂತೆ ಒಂದು ಬದಿಗೆ ಗಾಜಿತ್ತು. ಮನೆಗೆ ಬಂದವರಿಗೆ ಅದನ್ನು ತೋರಿಸದೆ ಕಳಿಸುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ಕೈಕೊಡತೊಡಗಿತು. ಲಾರಿ ಘಟ್ಟ ಹತ್ತುತ್ತಿರುವಾಗ ಪರದೆ ಒಮ್ಮೆಲೇ ಕಪ್ಪಾಗುತ್ತಿತ್ತು, ಒಳಗಿನ ಫ್ಯಾನುಗಳು ಭರ್ ಎಂದು ಕೂಗುತ್ತಿದ್ದವು. ಒಂದು ದಿನ ಮೂರು ಸಲ, ಮತ್ತೆ ನಾಲ್ಕು ದಿನ ಏನೂ ಇಲ್ಲ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನದೇ ತೊಂದರೆ ಎಂಬುದು ತಿಳಿಯಿತು, ಕಾರಣ ಮಾತ್ರ ತಿಳಿಯಲಿಲ್ಲ. ಕಾರ್ಡಿನ ಡ್ರೈವರ್ ತಂತ್ರಾಂಶ ತೆಗೆದು ಹೊಸದು ಹಾಕಿದೆ. ಧೂಳು ಒರೆಸಿದೆ. ಗಾಜು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದೆ. ಒಂದೇ ದಿನ ಎಲ್ಲವನ್ನೂ ಮಾಡಿದೆ. ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಿಸಬೇಕು ಎಂದು ಒಂಬತ್ತನೇ ತರಗತಿಗೆ ಪ್ರತಿ ವರ್ಷ ಹೇಳುವವಳು ನಾನೇ.

ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಕಾಗವಾಡದ ಕಡೆಯವಳು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಗಿರಣಿ ಹಾಕಿದ್ದಳು. ಕೋಣೆ ನಮ್ಮದು, ಗಿರಣಿ ಅವಳದು. ಕಬ್ಬಿನ ಗದ್ದೆಯ ಕೆಲಸ ಮುಗಿಸಿ ಬರುವ ಹೆಂಗಸರು ಸಂಜೆ ಜೋಳದ ಚೀಲ ಹೊತ್ತು ಅವಳಲ್ಲಿಗೆ ಬರುತ್ತಿದ್ದರು. ಗಿರಣಿ ಶುರುವಾದಾಗ ನಮ್ಮ ಕೋಣೆಯ ದೀಪ ಒಂದು ಕ್ಷಣ ಮಂಕಾಗುತ್ತಿತ್ತು.

ಒಂದು ಸಂಜೆ ದೀಪ ಮಂಕಾದ ಬೆನ್ನಿಗೇ ಪರದೆ ಕಪ್ಪಾಯಿತು. ನನಗೆ ಅಷ್ಟು ಸಾಕಾಯಿತು. ನಾನು ಆಡುತ್ತಿದ್ದುದೇ ಸಂಜೆ, ಅವಳಿಗೆ ಕೆಲಸ ಹೆಚ್ಚಿರುತ್ತಿದ್ದುದೂ ಸಂಜೆ. ಹಾಗಿರುವಾಗ ಕಂಪ್ಯೂಟರ್ ಯಾವಾಗ ನಿಂತರೂ ಗಿರಣಿ ನಡೆದೇ ಇರುತ್ತದೆ ಎಂಬ ಸರಳ ಲೆಕ್ಕ ನನಗೆ ಹೊಳೆಯಲಿಲ್ಲ. ಮೆಟ್ಟಿಲಿಳಿದು ಹೋದೆ. ನಾಲ್ಕೈದು ಹೆಂಗಸರು ಸರತಿಯಲ್ಲಿ ಕುಳಿತಿದ್ದರು. ಅವರ ಮುಂದೆಯೇ ಹೇಳಿದೆ:

"ನಿಮ್ಮ ಗಿರಣಿ ಚಾಲೂ ಆದ ಮ್ಯಾಲ ನಮ್ಮ ಕಂಪ್ಯೂಟರ್ ಬಂದ್ ಬೀಳಾಕತ್ತೈತಿ. ನಾಳಿಂದ ಐದರ ಮ್ಯಾಲ ಬಂದ್ ಇಡ್ರಿ."

ಅವಳ ಹುಬ್ಬು, ರೆಪ್ಪೆಗಳ ಮೇಲೆಲ್ಲ ಹಿಟ್ಟು ಕುಳಿತಿತ್ತು. "ಐದರ ಮ್ಯಾಲ ಅಲ್ಲೇನ್ರಿ ಅಕ್ಕೋರ, ಇವರೆಲ್ಲಾ ಹೊಲದಿಂದ ಬರೂದು?" ಎಂದಳು.

"ಮುಂಜಾನೆ ಕೊಟ್ಟು ಹೋಗ್ಲಿ. ಶಾಳಿದು ಕೆಲಸ ಇರ್ತೈತಿ ನನಗ."

ಶಾಲೆಯ ಕೆಲಸ ಎಂದದ್ದು ಸುಳ್ಳು. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಬರೋಬರ್ ಐತ್ರಿ, ಇಡ್ತೀನಿ" ಎಂದಳು.

ಮರುದಿನದಿಂದ ಐದಕ್ಕೆ ಗಿರಣಿ ನಿಂತಿತು. ಆಗ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದಿತ್ತು, ನಾನು ಆಡಿದ್ದೇ ಕಡಿಮೆ. ಹತ್ತು ದಿನ ಕಂಪ್ಯೂಟರ್ ಒಮ್ಮೆಯೂ ಕೈಕೊಡಲಿಲ್ಲ. "ನೋಡ್ರಿ, ನಾ ಹೇಳಿರಲಿಲ್ಲಾ?" ಎಂದು ಗಂಡನ ಮುಂದೆ ಬೀಗಿದೆ. ಅವರು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇರುವವರು. "ಹತ್ತು ದಿವಸ ಭಾಳ ಕಮ್ಮಿ ಆತು, ಇನ್ನೂ ನೋಡು" ಎಂದರು. ನನಗೆ ಸಿಟ್ಟು ಬಂತು.

ಪತ್ರಿಕೆ ಮುಗಿದು ಮತ್ತೆ ಆಟಕ್ಕೆ ಕುಳಿತ ದಿನವೇ ಪರದೆ ಕಪ್ಪಾಯಿತು. ಓಡಿಹೋಗಿ ಕೆಳಗೆ ನೋಡಿದೆ. ಗಿರಣಿಗೆ ಬೀಗ ಬಿದ್ದಿತ್ತು. ಅಲ್ಲಿಗಾದರೂ ನಾನು ತಪ್ಪು ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳಲಿಲ್ಲ. ಇಷ್ಟು ತಿಂಗಳು ವೋಲ್ಟೇಜ್ ಏರಿಳಿದು ಕಾರ್ಡ್ ಮೊದಲೇ ಹಾಳಾಗಿರಬೇಕು ಎಂದುಕೊಂಡೆ. ಅಂದರೆ ಅಪರಾಧಿ ಅವಳೇ ಉಳಿದಳು.

ದೀಪಾವಳಿಯ ನಂತರ ಅವಳು ಗಿರಣಿ ಎತ್ತಿದಳು. ಚಿಂಚಲಿ ರಸ್ತೆಯಲ್ಲಿ, ಊರ ಹೊರಗೆ, ತಮ್ಮನ ದನದ ಕೊಟ್ಟಿಗೆಗೆ ಆತುಕೊಂಡ ಒಂದು ತಗಡಿನ ಶೆಡ್ಡಿಗೆ ಹೋದಳು. ಬೀಗದಕೈ ಕೊಡಲು ಮೇಲೆ ಬಂದಾಗ ಒಂದು ಡಬ್ಬಿ ತುಂಬ ಗೋಧಿ ಹಿಟ್ಟು ತಂದಿದ್ದಳು. "ಸಂಜೀಕ ಗಿರಾಕಿ ಇಲ್ಲಂದ್ರ ನಡ್ಯಾಂಗಿಲ್ರಿ" ಎಂದಷ್ಟೇ ಹೇಳಿದಳು. ನಾನು ಡಬ್ಬಿ ಇಸಿದುಕೊಂಡೆ.

ಕಾರಣ ಸಿಕ್ಕಿದ್ದು ಅದಾಗಿ ಮೂರು ವಾರಕ್ಕೆ, ಒಂದು ಭಾನುವಾರ ಮುಂಜಾನೆ. ಕಾರ್ಡ್ ಮಾರಿಬಿಡೋಣವೆಂದು ಬಿಚ್ಚಲು ಕುಳಿತಿದ್ದೆ. ಅದಕ್ಕೆ ವಿದ್ಯುತ್ ಕೊಡಲು ಎರಡು ಕಿಂಡಿ. ಎರಡಕ್ಕೂ ಬೇರೆಬೇರೆ ವೈರು ಬರಬೇಕು. ನಾನು ಕವಲೊಡೆದ ಒಂದೇ ವೈರಿನ ಎರಡು ತುದಿ ಸಿಕ್ಕಿಸಿದ್ದೆ. ಲಾರಿ ಘಟ್ಟ ಹತ್ತುವಾಗ, ಕಾರ್ಡಿಗೆ ಹೆಚ್ಚು ವಿದ್ಯುತ್ ಬೇಕಾದಾಗ, ಆ ಒಂದು ವೈರು ಸಾಲುತ್ತಿರಲಿಲ್ಲ. ಒಂದು ತುದಿಯ ಪ್ಲಾಸ್ಟಿಕ್ ಬಿಸಿಗೆ ಹಳದಿಯಾಗಿತ್ತು. ಎರಡನೇ ವೈರು ಕಂಪ್ಯೂಟರ್ ಪೆಟ್ಟಿಗೆಯೊಳಗೇ ಇತ್ತು. ಅದನ್ನು ಹಾಕಿದರೆ ಗಾಜಿನೊಳಗೆ ಅಂದಗೆಡುತ್ತದೆ ಎಂದು ನಾನೇ ಮಡಚಿ ಹಿಂದೆ ತುರುಕಿದ್ದೆ. ಈಗ ತೆಗೆದು ಸಿಕ್ಕಿಸಿದೆ. ಅಂದು ಮಧ್ಯಾಹ್ನ ಮೂರು ತಾಸು ಆಡಿದೆ. ಏನೂ ಆಗಲಿಲ್ಲ. ಒಮ್ಮೆಯಾದರೂ ನಿಲ್ಲಲಿ ಎಂದು ಕಾಯುತ್ತಿದ್ದೆ, ನಿಲ್ಲಲಿಲ್ಲ.

ಗಂಡನಿಗೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. "ನನಗ ಹೇಳಿ ಏನ್ ಉಪಯೋಗ? ಹೇಳಬೇಕಾದಾಕಿ ಚಿಂಚಲಿ ರೋಡಿನ್ಯಾಗ ಅದಾಳ" ಎಂದರು.

ಅಷ್ಟಾದರೂ ಹೋಗಲು ನನಗೆ ಹದಿನೈದು ದಿನ ಬೇಕಾಯಿತು. ಒಂದು ಸಂಜೆ ಐದು ಕಿಲೋ ಜೋಳ ಸ್ಕೂಟರಿನಲ್ಲಿಟ್ಟುಕೊಂಡು ಹೋದೆ. ಶೆಡ್ಡಿನ ಮುಂದೆ ಇಬ್ಬರೇ ಇದ್ದರು. ಅವರು ಹೋಗುವವರೆಗೆ ಕಾದು ಹೇಳಿದೆ: "ಗಿರಣಿದು ತಪ್ಪಿರಲಿಲ್ಲ. ವೈರು ನಾನ ತಪ್ಪು ಹಾಕಿದ್ದೆ. ಸುಮ್ಮನ ನಿಮ್ಮ ಮ್ಯಾಲ ಹಾಕಿದೆ."

ಅವಳು ಜೋಳ ಸುರಿಯುತ್ತ, "ಗೊತ್ತಿತ್ರಿ" ಎಂದಳು.

"ಹ್ಯಾಂಗ?"

"ನೀವು ಹೇಳಿದ ಮ್ಯಾಲ, ಐದಕ್ಕ ಗಿರಣಿ ಬಂದ್ ಮಾಡಿ ಕಸಾ ಹೊಡಿಯೂಮುಂದ ಮ್ಯಾಲಿಂದ ನಿಮ್ಮ ದನಿ ಕೇಳತಿತ್ತು. 'ಮತ್ತ ಹೋತು, ಮತ್ತ ಹೋತು' ಅಂತಿದ್ರಿ."

"ಹಂಗಾದ್ರ ಹೇಳಬೇಕಿಲ್ಲೇನ್ರಿ?"

ಅವಳು ಕೈ ನಿಲ್ಲಿಸಿದಳು. "ಮನಿ ನಿಮ್ದು. ಸಾಳಿ ಕಲಿಸಾವ್ರು ನೀವು. ನಾ ಹೇಳಿದ್ರ ವಾದ ಹಾಕಾಕತ್ಯಾಳ ಅಂತಿದ್ರಿ. ಅಂತಿರಲಿಲ್ಲೇನು?"

ಅನ್ನುತ್ತಿದ್ದೆ. ಅನ್ನುತ್ತಿದ್ದೆನೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ವಾಪಸ್ ಬರ್ರಿ, ಕೋಣೆ ಖಾಲಿ ಇದೆ ಎಂದು ಕೇಳಿಕೊಂಡೆ. ಅವಳು ಬೇಡವೆಂದಳು. ಮಷಿನ್ ಕೂರಿಸಲು ಇಲ್ಲಿ ಸಿಮೆಂಟು ಹಾಕಿಸಿದ್ದಾಗಿದೆ, ಮತ್ತೆ ಕಿತ್ತು ಒಯ್ಯುವುದು ಆಗದು ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಮರುದಿನ ಬಸ್ ನಿಲ್ದಾಣದ ಹತ್ತಿರ, ನಮ್ಮ ಮನೆಯ ಕೆಳಗೆ ಸರತಿಯಲ್ಲಿ ಕೂರುತ್ತಿದ್ದ ಹೆಂಗಸರಲ್ಲಿ ಒಬ್ಬಳು ಸಿಕ್ಕಳು. ಗಿರಣಿಗೆ ಹೋಗಿ ಮನೆ ಮುಟ್ಟಲು ಈಗ ಮುಕ್ಕಾಲು ತಾಸು ಹೆಚ್ಚು ನಡೆಯಬೇಕಂತೆ. "ಆ ಗಿರಣಿ ಬಾಯಿ ಯಾಕ ಬಿಟ್ಟ ಹೋದ್ಳೋ ಏನೋ, ಕೇಳಿದ್ರ ಹೇಳವಲ್ಲಳು" ಎಂದಳು. ಅವತ್ತು ನಾನು ಗದರಿಸುವಾಗ ಇವಳು ಅಲ್ಲಿರಲಿಲ್ಲವೆಂದು ಕಾಣುತ್ತದೆ. ಚೀಲ ಅವಳ ತಲೆಯ ಮೇಲೆಯೇ ಇತ್ತು.

"ನಾನ ಬಿಡಿಸಿದೆ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಅಲ್ಲೇ ನಿಂತು ಮೊದಲಿನಿಂದ ಹೇಳತೊಡಗಿದೆ.