ಗೆಜ್ಜೆ ಕೇಳದ ಹಿತ್ತಲು

ಮೊಮ್ಮಗಳಿಗೆ ನಡಿಗೆ ಬಂದ ವಾರವೇ ನಾನು ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಗೆ ಹೋಗಿ ಒಂದು ಜೊತೆ ಬೆಳ್ಳಿಗೆಜ್ಜೆ ತಂದೆ. ಅಂಗಡಿಯವನು ಎದುರಿಗೆ ಹರವಿದ ನವಿರಾದ ಹೊಸ ಮಾದರಿಗಳನ್ನೆಲ್ಲ ಬದಿಗೆ ಸರಿಸಿ, ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಕೊನೆಗೆ ನೋಡಲು ತುಸು ಒರಟಾದರೂ ಪಡಸಾಲೆ ದಾಟಿ ಅಡುಗೆಮನೆಗೆ ಕೇಳುವಂಥದ್ದನ್ನು ಆರಿಸಿಕೊಂಡೆ. ಗೆಜ್ಜೆ ಕೊಳ್ಳುವಾಗ ಕಣ್ಣನ್ನಲ್ಲ, ಕಿವಿಯನ್ನು ನಂಬಬೇಕೆಂಬುದು ನನ್ನ ಅವ್ವನ ಪಾಠ. ಕೂಸಿನ ಕಾಲಿಗೆ ಗೆಜ್ಜೆ ಚಂದಕ್ಕೆಂದು ನೀವು ತಿಳಿದಿದ್ದರೆ, ಗೆಳೆಯರೇ, ನಿಮ್ಮ ಮನೆಯ ಹಿಂದೆ ಬಾವಿ ಇರಲಿಲ್ಲವೆಂದೇ ಅರ್ಥ.

ತಿಕೋಟಾದ ನಮ್ಮ ಮನೆಯ ಹಿಂದೆ ಕಟ್ಟೆಯಿಲ್ಲದ ಬಾವಿಯೊಂದಿತ್ತು. ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ನಡುವೆ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಗೆಜ್ಜೆ ಕೇಳಿದರೆ ಕೈ ಇಳಿಯುತ್ತಿತ್ತು. ಕೇಳದಿದ್ದರೆ ಹಂಚಿನ ಮೇಲಿನದು ಕರಕಲಾದರೂ ಸರಿ, ಎದ್ದು ಓಡುತ್ತಿದ್ದಳು. ಹೀಗಾಗಿ ನಾನು ಸುಟ್ಟ ರೊಟ್ಟಿ ತಿಂದೇ ಬೆಳೆದವಳು. ಅಣ್ಣಂದಿರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಅದೇ ಬಾವಿಯಲ್ಲಿ ಈಜು ಕಲಿತರು, ಹೆಣ್ಣುಹುಡುಗಿಯಾದ ನಾನು ಅಂಜುವುದನ್ನು ಕಲಿತೆ. ಅವರು ಈಜನ್ನು ಮರೆತಿರಬಹುದು, ನಾನು ನನ್ನ ವಿದ್ಯೆಯನ್ನು ಇವತ್ತಿಗೂ ಮರೆತಿಲ್ಲ. ಭೂತನಾಳದ ಕೆರೆಯ ಪಕ್ಕ ಬಸ್ಸು ಹಾದರೂ ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ತಾನಾಗಿಯೇ ಹಿಡಿಯುತ್ತದೆ.

ಅಂಜಿದವರ ಮೇಲೆ ಕಪ್ಪೆ ಎಸೆದರು ಎಂಬ ಗಾದೆ ಇದೆಯಲ್ಲ, ನನ್ನ ಸೊಸೆ ರೇಣುಕಾ ಕಪ್ಪೆಯ ಜೊತೆಗೆ ಇಡೀ ಕೊಳವನ್ನೇ ತಂದು ಹಿತ್ತಲಲ್ಲಿಟ್ಟಳು. ಸಾರವಾಡದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹೊಲದ ಹೊಂಡದಲ್ಲಿ ಮುಳುಗಿ ಎದ್ದು ಬೆಳೆದವಳು. ಈಗ ವಿಜಯಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಹಿತ್ತಲಲ್ಲಿ ಮಂಚದಷ್ಟು ಅಗಲದ ತಗ್ಗು ತೋಡಿಸಿ ಕರಿಯ ತಾಡಪತ್ರಿ ಹಾಸಿ, ನೀರು ತುಂಬಿ, ಮೀನು ಬಿಟ್ಟಳು. ಅದರ ಪಕ್ಕ ತುಸು ಎತ್ತರದಲ್ಲಿ ಇನ್ನೊಂದು ಸಣ್ಣ ತೊಟ್ಟಿ ಕಟ್ಟಿಸಿ, ಅದರ ತುಂಬ ಹರಳುಕಲ್ಲು ಸುರಿದು, ಕಾಬಾಳೆ, ಬಜೆ, ಜೊಂಡು ನೆಟ್ಟಳು. ಕೊಳದ ನೀರನ್ನು ಒಂದು ಪುಟ್ಟ ಪಂಪು ಆ ಹರಳಿನ ತಳಕ್ಕೆ ನೂಕುತ್ತದೆ; ನೀರು ಬೇರುಗಳ ಸಂದಿಯಿಂದ ಮೆಲ್ಲಗೆ ಮೇಲೇರುತ್ತ ತನ್ನ ಹೊಲಸನ್ನು ಬೇರಿಗೆ ಒಪ್ಪಿಸಿ, ತಿಳಿಯಾಗಿ, ಚಪ್ಪಡಿಕಲ್ಲಿನ ಮೇಲಿಂದ ಮತ್ತೆ ಕೊಳಕ್ಕೆ ಧುಮುಕುತ್ತದೆ. "ನಿಂತ ನೀರು ಕೆಡತೈತ್ರಿ ಅತ್ತಿ, ಹರಿಯೂ ನೀರು ಕೆಡೂದಿಲ್ಲ," ಎಂದಳು ರೇಣುಕಾ. ನಳಕ್ಕೆ ದಿನಗಟ್ಟಲೆ ಕಾಯುವ ಓಣಿಯವರು ಬಂದು ನೋಡಿ, "ನಿಮ್ಮ ಮನಿಯಾಗ ಧಬಧಬಿನ ಬಂದೈತಲ್ರಿ," ಎಂದು ಜಲಪಾತ ಕಂಡವರಂತೆ ಬೆರಗಾದರು.

ಎಲ್ಲರೂ ಕಿವಿಗೆ ಹಿತವೆಂದ ಆ ಸದ್ದೇ ನನ್ನ ಪಾಲಿಗೆ ಶತ್ರುವಾಯಿತು. ನಾನು ಸುತ್ತಿ ಬಳಸಿ ಹೇಳುವುದಿಲ್ಲ, ಅದು ಗೆಜ್ಜೆಯ ಸದ್ದನ್ನು ನುಂಗುತ್ತಿತ್ತು. ಅಡುಗೆಮನೆಯಲ್ಲಿ ಕೂತು ಕಿವಿ ನಿಮಿರಿಸಿದರೆ ಬರೀ ನೀರು, ನೀರು. ಅದರ ಹಿಂದೆಲ್ಲೋ ಮೊಮ್ಮಗಳು ಇದ್ದಾಳೆಂದು ನಂಬಬೇಕು. ಕರಿಯ ತಾಡಪತ್ರಿಯಿಂದಾಗಿ ದೂರದಿಂದ ಕೊಳದ ತಳ ಕಾಣುತ್ತಿರಲಿಲ್ಲ, ಹತ್ತಿರ ಹೋಗಿ ಎಷ್ಟು ಆಳವೆಂದು ನೋಡುವ ಧೈರ್ಯವೂ ನನಗಿರಲಿಲ್ಲ. "ಬೇಲಿ ಹಾಕ್ಸವಾ," ಎಂದರೆ, "ಸೂಟಿ ಬರ್ಲಿ, ಹಾಕಸ್ತೀನ್ರಿ. ಅಲ್ಲೀಮಟ ಹಿತ್ತಲ ಚಿಲಕ ತೆಗೀಬ್ಯಾಡ್ರಿ," ಎನ್ನುತ್ತಿದ್ದಳು.

ಕೈಲಾಗದವರು ದೇವರ ಕಾಲು ಹಿಡಿಯುತ್ತಾರೆ. ಹೊಸ ನೀರಿಗೆ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ನೀರೂ ನಮ್ಮಂಥ ಹೆಣ್ಣುಮಗಳೇ, ತೃಪ್ತಿಯಾದರೆ ಕಾಯುತ್ತಾಳೆ. ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ ಎಲ್ಲ ಏರಿಸಿ, ಮಗನ ತೋಳು ಬಿಗಿಯಾಗಿ ಹಿಡಿದು ದಂಡೆಯಲ್ಲಿ ನಿಂತೆ. ಆಗಲೇ ಎರಡು ಮೂರು ಮಾತು ಜೋಡಿಸುತ್ತಿದ್ದ ಮೊಮ್ಮಗಳು ಚಿನ್ನವ್ವನ ಪುಟ್ಟ ಮುಷ್ಟಿಯಲ್ಲಿ ಹಸಿರು ಬಳೆಗಳನ್ನಿಟ್ಟು, "ಗಂಗವ್ವಗ ಕೊಡು ಬಂಗಾರಾ, ಗಂಗವ್ವ ನಮ್ಮನ್ನ ಕಾಯ್ತಾಳ," ಎಂದು ನಾನೇ ನೀರಿಗೆ ಬಿಡಿಸಿದೆ. ಬಳೆ ಮುಳುಗಿದ್ದು ನೋಡಿ ಅವಳು ಚಪ್ಪಾಳೆ ತಟ್ಟಿದಳು. ನೀರು ಕೆಡುತ್ತದೆಂದು ಮರುದಿನ ರೇಣುಕಾ ಅಕ್ಕಿಯನ್ನು ಬಲೆ ಹಾಕಿ ತೆಗೆದಳೇ ಹೊರತು ಬಳೆಗಳನ್ನು ಮುಟ್ಟಲಿಲ್ಲ. ದೇವಿಗೆ ಲಂಚ ಸಂದಿದೆ ಎಂದು ನಾನು ಸ್ವಲ್ಪ ಸಮಾಧಾನಪಟ್ಟುಕೊಂಡೆ.

ಅದಾಗಿ ಕೆಲವು ವಾರ ಕಳೆದಿರಬೇಕು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಹಿತ್ತಲಲ್ಲಿ ಸಂಡಿಗೆ ಒಣಹಾಕಿ ಬಂದು, ಚಿಲಕ ಹಾಕಿದೆನೆಂದೇ ನಂಬಿ, ನಾನು ರೊಟ್ಟಿ ಬಡಿಯುತ್ತಿದ್ದೆ. ಕರೆಂಟು ಹೋಯಿತು. ಪಂಪು ನಿಂತು, ಕಲ್ಲಿನ ಮೇಲಿಂದ ಕೊನೆಯ ಹನಿಗಳು ತೊಟ್ಟಿಕ್ಕಿ, ಹಿತ್ತಲು ಮೌನವಾಯಿತು. ನನ್ನ ಕೈ ಗಾಳಿಯಲ್ಲೇ ನಿಂತಿತು. ಎಷ್ಟು ದಿನಗಳಿಂದ ಕಾದಿದ್ದ ಮೌನ ಅದು, ಇನ್ನು ಗೆಜ್ಜೆ ಕೇಳಲೇಬೇಕು. ಕೇಳಲಿಲ್ಲ.

"ಚಿನ್ನವ್ವಾ," ಎಂದು ಕರೆದೆ. ಪಡಸಾಲೆಯಲ್ಲಿ ಅವಳ ಗೊಂಬೆಯೊಂದೇ ಬಿದ್ದಿತ್ತು. ಹಿತ್ತಲ ಬಾಗಿಲು ಅರೆ ತೆರೆದಿತ್ತು. ಹೇಗೆ ಓಡಿದೆನೋ ತಿಳಿಯದು. ಕೊಳದ ದಂಡೆಯಲ್ಲಿ ನಿಂತಾಗ ಅಲುಗದ ಕರಿನೀರಿನ ತಳದಲ್ಲಿ, ಹಸಿರು ಬಳೆಗಳ ಪಕ್ಕ, ಬೆಳ್ಳಿಗೆಜ್ಜೆ ಹೊಳೆಯುತ್ತಿತ್ತು.

ಇಳಿದೆನೋ ಬಿದ್ದೆನೋ ಇಂದಿಗೂ ನನಗೆ ಗೊತ್ತಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ನೀರಲ್ಲಿ ಆಡಿಸಿ ಆಡಿಸಿ ಹುಡುಕಿದೆ. ನೀರು ಕದಡಿ ರಾಡಿಯಾಗಿ ಏನೂ ಕಾಣದಾಯಿತು. ಬೆರಳ ಸಂದಿಯಲ್ಲಿ ತಣ್ಣಗೆ ಏನೋ ಜಾರುತ್ತಿತ್ತು. ಮೀನು ಅದು, ಆದರೆ ಪ್ರತಿ ಸಲವೂ ನನಗದು ಅವಳ ಕೈಯೇ, ಹಿಡಿಯುವಷ್ಟರಲ್ಲಿ ನುಣುಚಿಕೊಂಡಿತೆಂದೇ ಅನಿಸುತ್ತಿತ್ತು. ಅಂಥ ಭಯವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ನನ್ನ ಹಗೆಗೂ ಅದು ಬೇಡ.

"ಆಯಿ, ಗಂಗವ್ವಗ ಕೊಟ್ಟೆ."

ಕಾಬಾಳೆಯ ಎಲೆಗಳ ಮರೆಯಲ್ಲಿ, ಹರಳುಕಲ್ಲಿನ ಮೇಲೆ, ಅವಳು ಕಾಲು ಚಾಚಿ ಕೂತಿದ್ದಳು. ಒಂದು ಕಾಲು ಬರಿದಾಗಿತ್ತು. ಇನ್ನೊಂದು ಕಾಲಿನ ಗೆಜ್ಜೆಯ ಕೊಂಡಿ ಬಿಚ್ಚುವುದರಲ್ಲಿ ಎಷ್ಟು ಮಗ್ನಳಾಗಿದ್ದಳೆಂದರೆ ಕಾಲು ಒಂದಿಷ್ಟೂ ಅಲುಗಿರಲಿಲ್ಲ. ಗಂಗವ್ವಗೆ ಕೊಡುವುದನ್ನು ಆಯಿಯಾದ ನಾನೇ ಕಲಿಸಿದ್ದೆನಲ್ಲ! ಅವಳನ್ನು ಎದೆಗವಚಿಕೊಂಡ ಮೇಲೆ ನಾನು ನೀರಲ್ಲಿ ನಿಂತಿರುವುದು ನನ್ನ ಅರಿವಿಗೆ ಬಂತು. ನೀರು ನನ್ನ ಮೊಣಕಾಲಿಗೂ ಬಂದಿರಲಿಲ್ಲ. ಇಷ್ಟು ದಿನ ಅಂಜಿದ್ದು ಇಷ್ಟಕ್ಕೇನೇ ಎಂದು ನಗು ಬರುವಷ್ಟರಲ್ಲಿ, ದಂಡೆಗೆ ಹತ್ತಿ ಕೂಸನ್ನು ಪಕ್ಕ ನಿಲ್ಲಿಸಿ ನನ್ನ ಕಾಲಿನ ಒದ್ದೆಯ ಗೆರೆಗೆ ಅವಳ ಮೈಯನ್ನು ಅಳೆದು ನೋಡಿದೆ. ನನ್ನ ಮೊಣಕಾಲು ಅವಳ ಎದೆಗೆ ಬರುತ್ತಿತ್ತು.

ಸಂಜೆ ರೇಣುಕಾ ಬಂದಾಗ ನಾನಿನ್ನೂ ಅದೇ ರಾಡಿ ಸೀರೆಯಲ್ಲೇ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಡೆದದ್ದನ್ನು ಕೇಳಿ ಅವಳು ಹೆಗಲ ಚೀಲವನ್ನೂ ಇಳಿಸದೆ ಬಂದು ಕೂಸನ್ನು ಎತ್ತಿಕೊಂಡಳು. "ನಾಳಿನ ಮುಚ್ಚಿಸಿಬಿಡೂಣ್ರಿ ಅತ್ತಿ. ನನಗ ಬ್ಯಾಡ ಈ ನೀರು," ಎಂದಳು. ನೀರಿಗೆ ಅಂಜದವಳ ಕಣ್ಣಲ್ಲಿ ಮೊದಲ ಬಾರಿಗೆ ನನ್ನ ಅವ್ವನ ಅಂಜಿಕೆ ಕಂಡೆ. ಇಷ್ಟು ದಿನ ನಾನು ಕೇಳಲು ಹಂಬಲಿಸಿದ ಮಾತು ಅದು. ಆದರೆ ಅದು ಅವಳ ಬಾಯಿಂದ ಬಂದಾಗ ನನಗೆ ಸಂತೋಷವಾಗಲಿಲ್ಲ.

"ಮುಚ್ಚಬ್ಯಾಡವಾ," ಎಂದೆ. "ಬೇಲಿ ಸೂಟಿಗೆ ಬ್ಯಾಡ, ನಾಳಿನ ಹಾಕ್ಸು. ಆಮ್ಯಾಲ ನೀ ಜೊತಿಗಿದ್ದು ಕೂಸಿಗೆ ನೀರು ಅಂದ್ರೇನು ಕಲಸು. ನನಗ ಅದು ಮೊಣಕಾಲಮಟ ಅನ್ನೂದೂ ಗೊತ್ತಿರಲಿಲ್ಲ ನೋಡು."

ಮರುದಿನವೇ ಕೂಸಿನ ಕೈಗೆ ಎಟುಕದ ಚಿಲಕವಿರುವ ಎತ್ತರದ ಜಾಲರಿ ಬಂತು. ನನ್ನ ಅಂಜಿಕೆ ಹೋಯಿತೇ ಎಂದು ಕೇಳಬೇಡಿ. ಅವ್ವನಿಂದ ನನಗೆ ಹರಿದದ್ದು ಅದು, ನನ್ನಿಂದ ಇವರಿಗೂ ಹರಿದೀತು. ನಡುವೆ ಒಂದಿಷ್ಟು ಬೇರಿನ ಸಂದಿಯಲ್ಲಿ ಹಾದು, ರಾಡಿಯನ್ನು ಅಲ್ಲೇ ಬಿಟ್ಟು, ಎಚ್ಚರವಷ್ಟೇ ಆಗಿ ಹರಿದರೆ ಸಾಕು. ಸಂಜೆ ಹೊತ್ತು ರೇಣುಕಾ ಕೂಸಿನ ಜೊತೆ ನೀರಲ್ಲಿ ಕಾಲಿಟ್ಟು ಕೂತಾಗ ನಾನೂ ಪಕ್ಕದಲ್ಲಿ ಕೂರುತ್ತೇನೆ, ಕೂಸಿನ ಲಂಗದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು.

ನೀರಿಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಹಾಗಾಗಿ ಒಂದು ಗೆಜ್ಜೆ ಬಳೆಗಳ ಪಕ್ಕದಲ್ಲೇ ಇದೆ, ಚಿನ್ನವ್ವ ಇನ್ನೊಂದನ್ನಷ್ಟೇ ಕಟ್ಟಿಕೊಂಡು ಮನೆತುಂಬ ಓಡಾಡುತ್ತಾಳೆ. ಕರೆಂಟು ಹೋಗಿ ನೀರು ನಿಂತಾಗ ನನ್ನ ಕೈ ಈಗಲೂ ರೊಟ್ಟಿಯ ಮೇಲೆ, ಗಾಳಿಯಲ್ಲೇ, ನಿಲ್ಲುತ್ತದೆ. ಒಂದು ಹೆಜ್ಜೆ ಕೇಳುತ್ತದೆ. ಇನ್ನೊಂದು ಕೇಳುವುದಿಲ್ಲ. ಆ ಕೇಳದ ಹೆಜ್ಜೆ ಮುಗಿಯುವವರೆಗೆ ನಾನು ಉಸಿರಾಡುವುದಿಲ್ಲ.