ಗಂಗವ್ವನ ಮರಕ್ಕೆ ಕಿವಿಗೊಟ್ಟ ರಾತ್ರಿ

ಇದನ್ನು ಕಟ್ಟುಕಥೆ ಅನ್ನುವವರು ಸುರಪುರದ ಬಸ್ಸು ಹತ್ತಿ ಬನ್ನಿ, ಮರ ತೋರಿಸುತ್ತೇನೆ. ನಾನೇ ಕೊರೆದ ತೂತು ಇನ್ನೂ ಹಾಗೇ ಇದೆ. ಕಟ್ಟುಕಥೆಯಾಗಿದ್ದರೆ ನನ್ನ ತಂಗಿ ನೀಲಮ್ಮ ಇವತ್ತು ಹಣೆತುಂಬ ಕುಂಕುಮ ಇಟ್ಟುಕೊಂಡು ನನ್ನ ಜೊತೆ ಜಗಳಕ್ಕೆ ನಿಂತಿರುತ್ತಿದ್ದಳು.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಹಿಮಾಲಯದ ಕೊರೆಯುವ ಚಳಿಯಲ್ಲಿ, ಒಂದು ಸಂಶೋಧನಾ ತಂಡದ ಜೊತೆ ದೇವದಾರು ಮರಗಳಿಗೆ ಬೈರಿಗೆ ಹಾಕುತ್ತ ವರ್ಷಗಟ್ಟಲೆ ಅಲೆದವನು ನಾನು. ಆ ಬೈರಿಗೆ ಅಂದರೆ ಒಳಗೆ ಟೊಳ್ಳಿರುವ ಉಕ್ಕಿನ ಕೊಳವೆ. ತಿರುಗಿಸುತ್ತ ಮರದೊಳಗೆ ಇಳಿಸಿದರೆ ಪೆನ್ಸಿಲ್ ದಪ್ಪದ ಒಂದು ಕಡ್ಡಿ ಹೊರಗೆ ಬರುತ್ತದೆ. ಮರ ಸಾಯುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಮರ ಬೆಳೆಯುವುದನ್ನೇ ನಿಲ್ಲಿಸುತ್ತದೆ, ಹಾಗಾಗಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ಆ ಉಂಗುರಗಳ ಅಗಲ ನೋಡಿ, ನದಿಯನ್ನು ಅಳೆಯುವವರೇ ಇಲ್ಲದ ಕಾಲದಲ್ಲಿ ಎಷ್ಟು ನೀರು ಹರಿದಿತ್ತು ಎಂದು ಅಂದಾಜು ಮಾಡುತ್ತಾರೆ. ಮಹಾಪೂರ ಬಂದ ವರ್ಷವಾದರೆ, ತೇಲಿ ಬಂದ ದಿಮ್ಮಿ ಬಡಿದ ಗಾಯವೂ ಉಂಗುರದಲ್ಲಿ ಉಳಿದಿರುತ್ತದೆ. ನಮ್ಮ ಕಡೆ ಇದನ್ನು ಹೇಳಿದರೆ ಜನ ನಗುತ್ತಾರೆ. ನಕ್ಕರು, ಅನುಭವಿಸಿದರು.

ನೀಲಮ್ಮನ ಊರು ಕೃಷ್ಣಾ ದಂಡೆಯಲ್ಲಿದೆ. ಹೆಸರು ಬೇಡ. ಊರಿನ ಹೊರಗೆ, ಹೊಳೆಯಿಂದ ಬಹಳ ದೂರದಲ್ಲಿ, ಒಂದು ಹಳೆಯ ಸಾಗವಾನಿ ಮರ. ಅದಕ್ಕೆ ಗಂಗವ್ವನ ಮರ ಅಂತಾರೆ. ವರ್ಷಕ್ಕೊಮ್ಮೆ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರಲ್ಲ, ಹಸಿರು ಬಳೆ, ಕುಪ್ಪಸದ ಖಣ, ಕೊಬ್ಬರಿ ಇಟ್ಟು... ಅದನ್ನು ಆ ಊರಿನವರು ನೀರಿನ ಹತ್ತಿರ ಮಾಡುವುದಿಲ್ಲ, ಈ ಮರದ ಬುಡದಲ್ಲಿ ಮಾಡುತ್ತಾರೆ. ಯಾಕೆ ಅಂತ ಒಬ್ಬರೂ ಕೇಳಿಕೊಂಡವರಿಲ್ಲ. ಆ ಮರದಿಂದ ಹೊಳೆಯ ಕಡೆಗೆ ಇಳಿಯುವ ಹೊಲದಲ್ಲೇ ನನ್ನ ತಂಗಿ, ಅವಳ ಗಂಡ ಬಸಣ್ಣ ಮನೆಯ ಬುನಾದಿ ಹಾಕಿಸಿದ್ದರು.

ಮಾಘ ಮಾಸದಲ್ಲಿ ರಜೆಗೆ ಹೋಗಿದ್ದಾಗ ನೀಲಮ್ಮನೇ ಕೇಳಿದಳು.

"ಅಣ್ಣಾ, ಹೊಳಿ ಅಲ್ಲಿ ಅದ, ಉಡಿ ಇಲ್ಲಿ ತುಂಬ್ತಾರ. ಹಿಂದ ಇಲ್ಲಿ ತನಕ ನೀರು ಬಂದಿತ್ತೋ ಏನೋ. ನಿನ್ನ ಬೈರಿಗಿ ಹಾಕಿ ನೋಡಿ ಹೇಳು. ಗ್ವಾಡಿ ಏಳೂದ್ರಾಗ ಗೊತ್ತಾಗ್ಲಿ."

ಇಡೀ ಊರಿನಲ್ಲಿ ತಲೆ ಓಡಿಸಿದವಳು ಅವಳೊಬ್ಬಳೇ.

ಮರಕ್ಕೆ ದಿನಾ ಸಂಜೆ ದೀಪ ಹಚ್ಚುವ ಮುದುಕಿ ಒಬ್ಬಳಿದ್ದಳು, ಶರಣವ್ವ. ಅವಳನ್ನು ಕೇಳದೆ ಮರ ಮುಟ್ಟುವಂತಿರಲಿಲ್ಲ. ಅವಳು ಒಂದೇ ಮಾತು ಹೇಳಿದಳು. "ದೀಪ ತಾನಾಗೇ ಆರಬೇಕು. ಅದರ ಮೊದ್ಲ ಕಬ್ಬಿಣ ಸೋಕಿಸಬ್ಯಾಡ, ಯಪ್ಪಾ."

ಅವಳು ದೀಪ ಹಚ್ಚಿ ಹೋದ ಮೇಲೆ, ಅದು ಆರಲಿ ಅಂತ ಬಸಣ್ಣ ಮತ್ತು ನಾನು ಮರದ ಕೆಳಗೆ ಕಾಯುತ್ತ ಕೂತೆವು. ಅವನು ನನ್ನ ಓರಗೆಯವನು, ಒಳ್ಳೆಯವನು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕತ್ತಲಾಯಿತು. ಒಣಗಿದ ಸಾಗವಾನಿ ಎಲೆಗಳು ಕಾಲ ಕೆಳಗೆ ಹಪ್ಪಳದ ಹಾಗೆ ಪುಡಿಯಾಗುತ್ತಿದ್ದವು. ದೀಪ ಉರಿಯುತ್ತಲೇ ಇತ್ತು... ಬಗ್ಗಿ ನೋಡಿದೆ. ಪಣತಿಯಲ್ಲಿ ಎಣ್ಣೆಯ ಹನಿಯೂ ಇರಲಿಲ್ಲ. ಬತ್ತಿ ಒಣಗಿ ಕರ್ರಗಾಗಿತ್ತು. ಆದರೂ ಉರಿಯುತ್ತಿತ್ತು.

"ಏನ್ ದೀಪೋ ಮಾರಾಯ, ಮುಂಜಾನಿ ತನಕ ಉರಿತದ ಇದು! ಎಮ್ಮಿ ಹಾಲು ಹಿಂಡೂದದ ನನಗ," ಎಂದು ಬಸಣ್ಣ ಎದ್ದು, ಎರಡು ಬೆರಳಿನಿಂದ ಬತ್ತಿಯನ್ನು ಹಿಚುಕಿಬಿಟ್ಟ.

"ಲೇ, ಏನ್ ಮಾಡ್ದಿ?" ಅಂದೆ.

"ಆರ್ತು ನೋಡು. ಹಚ್ಚು ಬೈರಿಗಿ," ಅಂತ ನಕ್ಕ.

ಆಗ ವಾಸನೆ ಬಂತು. ಹೊಸ ನೀರಿನ ರಾಡಿ, ಕೊಳೆತ ಜೋಳದ ದಂಟು, ತೊಯ್ದ ದನದ ಮೈ... ಮಾಘದಲ್ಲಿ, ನೆಲ ಬಿರುಕು ಬಿಟ್ಟಿರುವಾಗ! ಬಸಣ್ಣನೂ ಮೂಗು ಮುಚ್ಚಿಕೊಂಡ. ಯಾವುದೋ ಪ್ರಾಣಿ ಸತ್ತಿರಬೇಕು ಅಂದ.

ಬೈರಿಗೆ ಹಚ್ಚಿದೆ. ಸಾಗವಾನಿ ಗಟ್ಟಿ ಮರ, ತಿರುಗಿಸುವಾಗ ಕಿರ್ರ್ ಎಂದು ಚೀರಬೇಕು. ಚೀರಲಿಲ್ಲ. ಹಸಿ ಮಣ್ಣಿಗೆ ಇಳಿದ ಹಾಗೆ ಇಳಿಯಿತು. ಕಡ್ಡಿಯನ್ನು ಹೊರಗೆಳೆದು ಬಸಣ್ಣನ ಕೈಗೆ ಕೊಟ್ಟೆ. ಮರದಲ್ಲೇ ಉಳಿದಿದ್ದ ಖಾಲಿ ಕೊಳವೆಯಿಂದ ಏನೋ ಸದ್ದು ಬರುತ್ತಿತ್ತು. ಕಿವಿ ಇಟ್ಟೆ.

ನೀರು... ಹೊಳೆ ಭೋರ್ಗರೆಯುವ ಸದ್ದು. ಎಮ್ಮೆಯೊಂದು ಅರಚುತ್ತಿತ್ತು. ಅದರ ನಡುವೆ ಒಂದು ಗಂಡು ದನಿ, ಏದುಸಿರು ಬಿಡುತ್ತ...

"ಹಗ್ಗಾ... ಹಗ್ಗಾ ಬಿಚ್ಚವಲ್ದು..."

ಅದು ಬಸಣ್ಣನ ದನಿ. ಬಸಣ್ಣ ನನ್ನ ಪಕ್ಕದಲ್ಲೇ ಟಾರ್ಚ್ ಹಿಡಿದು, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು, ತುಟಿ ಮುಚ್ಚಿ ನಿಂತಿದ್ದ.

ಅವನನ್ನೂ ಕರೆದು ಕೇಳಿಸಿದೆ. ಅವನು ಸ್ವಲ್ಪ ಹೊತ್ತು ಕಿವಿ ಇಟ್ಟು, ಎಲೆ ಅಡಿಕೆ ಉಗುಳಿ ಹೇಳಿದ. "ಯಾರೋ ಗಂಡಸು ಕೂಗಾಕತ್ತಾನ. ಗುರ್ತು ಹತ್ತವಲ್ದು."

"ಬಸಣ್ಣಾ, ಅದು ನಿಂದೇ ದನಿ."

"ಹೋಗೋ ಭಾವಾ! ನನ್ನ ದನಿ ನನಗ ಗುರ್ತಿಲ್ಲೇನು? ಹೊಳಿ ದಂಡ್ಯಾಗ ಮೀನು ಹಿಡಿಯಾಂವ ಯಾಂವಾದ್ರೂ ಇರಬೇಕು."

ತೂತಿಗೆ ಮೇಣ ಮೆತ್ತಿ ಮನೆಗೆ ಓಡಿ ಬಂದೆವು. ಬಲ್ಬಿನ ಕೆಳಗೆ ಕಡ್ಡಿ ನೋಡಿದೆ. ಒಳಗಿನ ಉಂಗುರಗಳಲ್ಲಿ ಒಂದು ಹಳೆಯ ಗಾಯ ಎದ್ದು ಕಾಣುತ್ತಿತ್ತು. ಹೊಳೆ ಹಿಂದೊಮ್ಮೆ ಮರದ ತನಕ ಬಂದಿತ್ತು, ಅನುಮಾನವೇ ಇಲ್ಲ. ಅಷ್ಟೇ ಆಗಿದ್ದರೆ ನಾನು ನೆಮ್ಮದಿಯಿಂದ ಮಲಗುತ್ತಿದ್ದೆ. ತೊಗಟೆಯ ಕಡೆಯ ತುದಿಯಲ್ಲಿ ನೋಡಬಾರದ್ದನ್ನು ನೋಡಿದೆ. ಸಾಗವಾನಿ ಎಲೆ ಉದುರಿಸಿದ ಮೇಲೆ ಮತ್ತೆ ಮಳೆ ಬರುವ ತನಕ ಬೆಳೆಯುವುದಿಲ್ಲ, ಹಾಗಾಗಿ ತೊಗಟೆಯ ಕೆಳಗೆ ಹೋದ ಮಳೆಗಾಲದ ಉಂಗುರ ಇರಬೇಕು, ಅದೇ ಕೊನೆ. ಅದರ ಹೊರಗೆ ಇನ್ನೊಂದು ಉಂಗುರ ಇತ್ತು. ಇನ್ನೂ ಬಾರದ ಮಳೆಗಾಲದ್ದು. ಅಗಲ, ಬಿಳಿಚಿದ ಬಣ್ಣ, ನಡುವೆ ಹಸಿ ಗಾಯ, ಗಾಯದಲ್ಲಿ ಹೊಳೆ ತಂದ ರೇವೆ ಮಣ್ಣು... ಬೆರಳು ತಾಗಿಸಿದೆ. ಆ ತುದಿ ಕೆಸರಾಗಿ ಕೈಗೆ ಹತ್ತಿಕೊಂಡು ಬಂತು. ತೋರಿಸಲು ಏನೂ ಉಳಿಯಲಿಲ್ಲ.

ಇಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಬೇರೆ ಕಡೆ ಮನೆ ಕಟ್ಟಿ ಅಂತ ಕೈ ಮುಗಿದೆ. ನೀಲಮ್ಮನ ಮುಖ ಬಿಳಿಚಿಕೊಂಡಿತು. ಬಸಣ್ಣ ಮಾತ್ರ ಜಗ್ಗಲಿಲ್ಲ.

"ಹಳೀ ಗಾಯ ಅಜ್ಜ-ಮುತ್ಯಾರ ಕಾಲದ್ದು. ಈಗ ಮ್ಯಾಲ ಡ್ಯಾಮ್ ಅದ, ಹೊಳಿ ಹೆಂಗ ಬರ್ತದ? ಇನ್ನ ಬರೂ ವರ್ಷದ ಉಂಗುರ ಅಂತಿ... ಭಾವಾ, ಚಳಿದೇಶದಾಗ ಇದ್ದು ನಿನ್ನ ತಲಿ ಹೆಪ್ಪುಗಟ್ಟೇದ!"

ವಾಪಸ್ಸು ಹೋದ ಮೇಲೆ ನಮ್ಮ ತಂಡದ ಹಿರಿಯರಿಗೂ ಹೇಳಿದೆ. ಕಳೆದದ್ದನ್ನು ಮಾತ್ರ ಮರ ಹೇಳಬಲ್ಲದು ಅಂತ ಬೆನ್ನು ತಟ್ಟಿ, ಚಹಾ ಕುಡಿಸಿ ಕಳಿಸಿದರು. ಓದಿದವನೂ ಅಷ್ಟೇ, ಓದದವನೂ ಅಷ್ಟೇ. ಯಾರಿಗೆ ಹೇಳಲಿ?

ಶ್ರಾವಣದಲ್ಲಿ ಮೇಲೆಲ್ಲೋ ಮಳೆ ಜಡಿಯಿತು. ಹೊಳೆ ಬಂತು. ಹೊಲ ದಾಟಿ, ಹೊಸ ಮನೆಯ ಕಿಟಕಿ ಮುಚ್ಚಿ, ಗಂಗವ್ವನ ಮರದ ಬುಡಕ್ಕೆ ಬಂದು ನಿಂತಿತು. ಒಂದು ದಿಮ್ಮಿ ಬಡಿದು ಮರಕ್ಕೆ ಗಾಯವಾಯಿತು. ನೀಲಮ್ಮ ಮರದ ಹತ್ತಿರ ಓಡಿ ಹೋಗಿ ಉಳಿದಳು. ಬಸಣ್ಣ ಎಮ್ಮೆ ಬಿಚ್ಚಲು ಕೊಟ್ಟಿಗೆಗೆ ಹೋಗಿದ್ದ.

ಸುದ್ದಿ ಕೇಳಿ ನಾನು ಓಡಿ ಬಂದೆ. ಬಸಣ್ಣನನ್ನು ಮಣ್ಣು ಮಾಡಿ ಬಂದ ಮೇಲೆ ನೀಲಮ್ಮ ನನ್ನ ಮುಂದೆ ಕೂತು ಹೇಳಿದಳು. "ಹಗ್ಗಾ ಬಿಚ್ಚವಲ್ದು ಅಂತ ಒದರಿದ್ರು ಅಣ್ಣಾ. ಎರಡ್ ಸಲ. ಆಮ್ಯಾಲ ದನಿ ಇಲ್ಲ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಮರದ ಮೇಲೆ, ಆ ಹೊಳೆಯ ಮೇಲೆ, ನಗುತ್ತ ನಗುತ್ತ ಬತ್ತಿ ಹಿಚುಕಿದ ಆ ಎರಡು ಬೆರಳಿನ ಮೇಲೆ. ಇವತ್ತಿಗೂ ಇಳಿದಿಲ್ಲ.

ಈಗ ಮತ್ತೆ ಬಿದ್ದ ಮನೆಯ ಅದೇ ಬುನಾದಿಯ ಮೇಲೆ ಗೋಡೆ ಏಳುತ್ತಿದೆ. ನನ್ನ ಜೊತೆ ಬಾ ಅಂದರೆ ನೀಲಮ್ಮ ಬರುವುದಿಲ್ಲ. ಹೋದ ವಾರ ಹೋದಾಗ ಸಂಜೆ ಅವಳು ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಮರದ ಹತ್ತಿರ ಹೋದೆ. ನಾನು ಮೆತ್ತಿದ್ದ ಮೇಣವನ್ನು ಸೂಜಿಯಿಂದ ಕಿತ್ತು ತೆಗೆದಿದ್ದಳು. ಆ ತೂತಿಗೆ ಕಿವಿಯೊತ್ತಿ, ಕಣ್ಣು ಮುಚ್ಚಿ ನಿಂತಿದ್ದಳು.

"ಏನ್ ಮಾಡಾಕತ್ತೀ, ನೀಲಾ?"

"ಅವ್ರ ದನಿ ಕೇಳಸ್ತದೇನೋ ಅಂತ ದಿನಾ ಬರ್ತೀನಿ," ಅಂದಳು. "ಅದೊಂದ ಆಸೇಕ ಇಲ್ಲೇ ಮನಿ ಕಟ್ಟಾಕತ್ತೀನಿ, ಅಣ್ಣಾ. ಎಲ್ಲಿಗೆ ಹೋಗ್ಲಿ?"

"ಕೇಳಸ್ತದೇನು?"

"ನೀರಿನ ಸಪ್ಪಳ ಕೇಳಸ್ತದ. ಅವ್ರ ದನಿ ಇಲ್ಲ. ಯಾರೋ ಹೆಣ್ಮಗಳು ಒದರ್ತಾಳ... ಯಾವ ಪುಣ್ಯಾತಗಿತ್ತಿನೋ, ನನಗ ಗುರ್ತು ಹತ್ತವಲ್ದು."

"ಏನಂತ ಒದರ್ತಾಳ?"

"ಅಣ್ಣಾ, ಅಣ್ಣಾ ಅಂತ."

ನಾನು ಕಿವಿ ಇಡಲಿಲ್ಲ. ನನ್ನನ್ನು ಅಣ್ಣಾ ಅನ್ನುವವರು ಈ ಲೋಕದಲ್ಲಿ ಅವಳೊಬ್ಬಳೇ.