ಶೇಷ ನಾಲ್ಕು

ಉದ್ಯಾವರದ ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಕಜೆಟನ್ ಗೀಟು ಹಾಕುವವ. ಭಟ್ಟಿಯಿಂದ ಹೊರಬಂದ ಹಂಚಿನ ಒಂದೊಂದು ಅಟ್ಟಿಗೂ ಹಲಗೆಯ ಮೇಲೆ ಸೀಮೆಸುಣ್ಣದ ಒಂದು ಗೀಟು. 1973ರಲ್ಲಿ ಒಂದು ದಿನ ಹನ್ನೊಂದನೆಯ ಗೀಟು ಎಳೆದು ತಿರುಗುವಷ್ಟರಲ್ಲಿ ಅಟ್ಟಿಯೇ ಅವನ ಬೆನ್ನ ಮೇಲೆ ಬಿತ್ತು. ಸೊಂಟದ ಕೆಳಗೆ ಜೀವ ಉಳಿಯಲಿಲ್ಲ, ಬೆರಳುಗಳಿಗೆ ಕಸುವಿರಲಿಲ್ಲ. ಮರುವರ್ಷ ಅವನು ಮೊಣಕೈ ಊರಿ ತೆವಳುತ್ತ ಬಾವಿಕಟ್ಟೆಯವರೆಗೆ ಹೋದ. ಹೆಂಡತಿ ತೆರೆಸಾ ಕಾಲು ಹಿಡಿದೆಳೆದು ಉಳಿಸಿಕೊಂಡಳು.

ಆಮೇಲೆ ಅವನನ್ನು ಬದುಕಿಸಿದ್ದು ಮದ್ದೂ ಅಲ್ಲ, ನೆಂಟರ ಕನಿಕರವೂ ಅಲ್ಲ. ಮಲಗಿದಲ್ಲೇ ಆ ಹನ್ನೊಂದು ಗೀಟುಗಳು ಸಂಖ್ಯೆಯಾಗಿ ಕಣ್ಣೆದುರು ನಿಂತವು: 11111111111. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಉಂಟೋ, ಅಲ್ಲ ಇದು ಒಡೆಯದ ಸಂಖ್ಯೆಯೋ? ಮೂರರಿಂದ ಹೋಗಲಿಲ್ಲ, ಏಳರಿಂದಲೂ ಹೋಗಲಿಲ್ಲ. ಏಳನೇ ಕ್ಲಾಸು ಕಲಿತಿದ್ದ ತೆರೆಸಾ ಸ್ಲೇಟು ಹಿಡಿದಳು. ದಿನಾ ಸಂಜೆ ಜಪಮಾಲೆ ಮುಗಿದ ಮೇಲೆ ಅವನು ಒಂದು ಅವಿಭಾಜ್ಯ ಸಂಖ್ಯೆ ಹೇಳುವುದು, ಅವಳು ಭಾಗಿಸುವುದು. ಭಾನುವಾರ ಮಾತ್ರ ರಜೆ. ನೆರೆಯವರು ನಕ್ಕರು. ನಗಲಿ, ಅವರ ಮನೆಯ ಗಂಡಸರು ಯಾರೂ ಬಾವಿಗೆ ತೆವಳಿರಲಿಲ್ಲ.

ಎಂಟು ವರ್ಷ ಹೀಗೇ ನಡೆಯಿತು. 1982ರ ಒಂದು ಸಂಜೆ 21649ರ ಸರದಿ. ಕೊನೆಯ ಹೆಜ್ಜೆಯಲ್ಲಿ 194841 ಉಳಿದಿತ್ತು. 21649ನ್ನು ಒಂಬತ್ತರಿಂದ ಗುಣಿಸಿದಳು: 194841. ಕಳೆದಳು. ಸೊನ್ನೆ. ಈ ಲೆಕ್ಕ ಮುಗಿದರೆ ಇವನಿಗೆ ಬಾವಿಯೇ ಗತಿ ಎಂದು ಹೆದರಿದಳು.

"ಶೇಷ ಎಷ್ಟು?"

"ನಾಲ್ಕು."

"ಗಟ್ಟಿ ಉಂಟು ಮಾರಾಯ್ತಿ ಇದು! ವರ್ಗಮೂಲ ಒಂದು ಲಕ್ಷದ ಐದು ಸಾವಿರ, ಅಲ್ಲಿವರೆಗೆ ನೋಡಬೇಕು. ಇನ್ನೂ ಇಪ್ಪತ್ತನಾಲ್ಕು ವರ್ಷದ ಕೆಲಸ ಉಂಟು."

"ಮಾಡುವ" ಎಂದು ಸ್ಲೇಟು ಒರೆಸಿದಳು.

ಮೂರು ವರ್ಷ ಆ ಸುಳ್ಳು ಅವಳನ್ನು ಒಳಗೊಳಗೇ ಕೊರೆಯಿತು. 1985ರಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತಡೆಯಲಾರದೆ ಪಾಪನಿವೇದನೆಯಲ್ಲಿ ಹೇಳಿಬಿಟ್ಟಳು. ಹೊಸದಾಗಿ ಬಂದಿದ್ದ ಎಳೆಯ ಪಾದ್ರಿ.

"ಸುಳ್ಳು ಸುಳ್ಳೇ ಅಮ್ಮ. ಗಂಡನಿಗೆ ನಿಜ ಹೇಳಿ, ಅದೇ ನಿಮ್ಮ ಪ್ರಾಯಶ್ಚಿತ್ತ."

"ಅವರು ಸಾಯ್ತಾರೆ, ಫಾದರ್."

"ನಿಜ ಕೇಳಿ ಯಾರೂ ಸಾಯುವುದಿಲ್ಲ."

ಪುಸ್ತಕದ ಬದನೆಕಾಯಿ! ಆದರೂ ದೇವರ ಹೆಸರಲ್ಲಿ ಬಂದ ಮಾತು. ತೆರೆಸಾ ಮನೆಗೆ ಬಂದು ಮಂಚದ ಬಳಿ ಕುಳಿತು ಎಲ್ಲವನ್ನೂ ಹೇಳಿದಳು.

ಕಜೆಟನ್ ಕಣ್ಣು ಮುಚ್ಚಿದ. ಬಹಳ ಹೊತ್ತು ತುಟಿಗಳು ಅಲುಗಾಡಿದವು. "ಹೌದು, ಸೊನ್ನೆ" ಎಂದ. ಬೈಯಲಿಲ್ಲ, ಅಳಲಿಲ್ಲ. ಮರುದಿನದಿಂದ ಗಂಜಿ ಮುಟ್ಟಲಿಲ್ಲ.

ಐದನೆಯ ದಿನ ತೆರೆಸಾ ಸ್ಲೇಟು ತಂದು ಅವನ ಎದುರು ಹಿಡಿದಳು. ಹದಿನೇಳು ಗೀಟು ಎಳೆದಿದ್ದಳು. "ಇದನ್ನು ನೋಡುವ. ಇದು ಅಷ್ಟು ಬೇಗ ಒಡೆಯಲಿಕ್ಕಿಲ್ಲ. ಒಂದು ಸಂಖ್ಯೆ ಹೇಳಿ, ನಾನು ಭಾಗಿಸ್ತೇನೆ."

ಅವನು ಗೀಟುಗಳನ್ನು ಒಂದೊಂದಾಗಿ ನೋಡಿದ. ಒಂದು ಕ್ಷಣ ಅವಳಿಗೆ ಆಸೆ ಹುಟ್ಟಿತು.

"ಭಾಗಿಸಬಹುದು" ಎಂದ. "ಆದರೆ ಶೇಷ ಎಷ್ಟೂಂತ ನಾನು ಯಾರನ್ನು ಕೇಳುವುದು, ತೆರೆಸಾ?"

ಗೋಡೆಯ ಕಡೆ ಮುಖ ತಿರುಗಿಸಿದವನು ಮತ್ತೆ ಅವಳೊಡನೆ ಮಾತಾಡಲಿಲ್ಲ. ಈಸ್ಟರಿಗೆ ನಾಲ್ಕು ದಿನ ಇರುವಾಗ ತೀರಿಹೋದ.